ಚಿಕ್ಕಮುನಿಯಮ್ಮನ ಹದಿನಾರು ಬೋರಿನ ಕೋವಿ

ಪಟ್ಟಂದೂರು ಅಗ್ರಹಾರದಲ್ಲಿ ಚಿಕ್ಕಮುನಿಯಮ್ಮನ ಮಾತು ಬಂತೆಂದರೆ ಜನ ದನಿ ತಗ್ಗಿಸುತ್ತಿದ್ದರು.

"ಸುತ್ತಮುತ್ತ ಇರೋ ಕೋವಿಯೆಲ್ಲ ಹನ್ನೆರಡು ಬೋರಿಂದು. ಆಯಮ್ಮಂದು ಹದಿನಾರು ಕಣ್ರೀ!" ಎನ್ನುವರು ಹಾಲಿನ ಬೂತಿನ ಹತ್ತಿರ. "ಅನ್ನೆರಡರ ಏಟಿಗೆ ಅಂದಿ ಬಿದ್ದೋಯ್ತದೆ. ಅದಿನಾರಕ್ಕೆ ಆನೇನೇ ಉರುಳ್ಕೋಬೇಕು," ಎಂದು ಎದುರುಮನೆ ನಂಜಪ್ಪ ಲೆಕ್ಕ ಹಾಕಿ ಹೇಳುತ್ತಿದ್ದ. ಆ ಕಡೆಗೆ ಆನೆ ಬಂದದ್ದನ್ನು ಅವನ ಅಜ್ಜನೂ ಕಂಡಿರಲಿಲ್ಲ. ಆದರೂ ಮಾತು ಬೇರು ಬಿಟ್ಟಿತ್ತು. ಕಂಡವರ ಜಾಗಕ್ಕೆ ಬೇಲಿ ಹಾಕಿ ನುಂಗುವ ಕಾಲ ಬಂದು ಊರಿನ ಅರ್ಧ ಜನ ಕೋರ್ಟು ಅಲೆದರು. ಚಿಕ್ಕಮುನಿಯಮ್ಮನ ಬೇಲಿಕಲ್ಲನ್ನು ಮಾತ್ರ ಯಾರೂ ಅಲುಗಿಸಲಿಲ್ಲ.

ಆಕೆಯ ಮನೆಯ ಮಾಳಿಗೆಯ ಕೋಣೆಗೆ ಬಾಡಿಗೆಗೆ ಬಂದ ಈಶಪ್ಪನ ಕಿವಿಗೂ ಮೊದಲ ವಾರದಲ್ಲೇ ಈ ಮಾತು ಬಿತ್ತು. ಅವನು ಕೊಪ್ಪಳದ ಕಡೆಯವನು, ಹೂಡಿಯ ಒಂದು ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆದು ಕೊರೆಯುವ ಲೇತ್ ಯಂತ್ರದ ಮೇಲೆ ಕೆಲಸ. ಕಬ್ಬಿಣದಲ್ಲಿ ಒಂದು ತೂತು ಕಂಡರೆ ಅದರ ಅಳತೆ ತಿಳಿಯುವ ತನಕ ಅನ್ನ ಸೇರದ ಆಸಾಮಿ. ಹದಿನಾರು ಅಂದರೆ ಏನು ಹದಿನಾರು? ಇಂಚಲ್ಲ, ಸೇರಲ್ಲ, ಮಾರಲ್ಲ. ಯಾರನ್ನು ಕೇಳಿದರೂ "ದೊಡ್ಡದು ಗುರು, ಸಕ್ಕತ್ ದೊಡ್ಡದು" ಎನ್ನುವರೇ ಹೊರತು ಹೇಗೆ ದೊಡ್ಡದೆಂದು ಹೇಳುವವರಿಲ್ಲ.

ಆಯುಧ ಪೂಜೆಯ ದಿನ ಅವನ ಅದೃಷ್ಟ ತೆರೆಯಿತು. ಚಿಕ್ಕಮುನಿಯಮ್ಮ ಕೋವಿಯನ್ನು ಹೊರಗೆ ತಂದು ಚಾಪೆಯ ಮೇಲಿಟ್ಟು, "ಬಾರಪ್ಪ ಲೇತು, ಇದಕ್ಕೊಂದಿಷ್ಟು ಎಣ್ಣೆ ಒರ್ಸು," ಎಂದು ಕರೆದಳು. ಒಂಟಿ ನಳಿಗೆಯ ಹಳೆಯ ಕೋವಿ. ಈಶಪ್ಪ ಎತ್ತಿಕೊಂಡರೆ ಒನಕೆಗಿಂತ ಹಗುರ. ನಳಿಗೆಯನ್ನು ಬೆಳಕಿಗೆ ಹಿಡಿದು ಇಣುಕಿದ.

"ಯವ್ವಾ, ನಮ್ಮೂರ ಗೌಡರ ಬಂದೂಕ ಹನ್ನೆರಡರದು. ಅದರ ಬಾಯಿ ಇದಕ್ಕಿಂತ ದೊಡ್ಡದಿತ್ತಲ್ಲ?"

"ನಿನ್ ಬಾಯಿ ಅದೆಲ್ಲಕ್ಕಿಂತ ದೊಡ್ಡದು. ಸುಮ್ಕೆ ಒರ್ಸು," ಎಂದಳು ಮುದುಕಿ. ಗೇಟಿನಾಚೆ ನಂಜಪ್ಪ ನಿಂತಿದ್ದ.

ಅವನು ಅತ್ತ ಹೋದ ಮೇಲೆ ಆಕೆ ಕಾಲು ಚಾಚಿ ಕೂತು ಹಳೆಯ ಕಥೆ ತೆಗೆದಳು. ಆಗ ಇಲ್ಲೆಲ್ಲ ನೀಲಿ ದ್ರಾಕ್ಷಿಯ ತೋಟ. ಹಣ್ಣು ಬಣ್ಣಕ್ಕೆ ತಿರುಗಿದರೆ ಹಗಲೆಲ್ಲ ಮೈನಾ, ಗಿಳಿ, ಪಿಕಳಾರ. ಹೊತ್ತು ಮುಳುಗಿದರೆ ಬಾವಲಿಯ ದಂಡು. ಗಂಡ ನರಸಿಂಹಯ್ಯನಿಗೆ ಇರುಳುಗಣ್ಣು, ದೀಪ ಹಚ್ಚುವ ಹೊತ್ತಾದರೆ ಬಳ್ಳಿ ಯಾವುದು, ಹೆಂಡತಿ ಯಾವುದು ತಿಳಿಯದು. ವೈಟ್‌ಫೀಲ್ಡಿನಲ್ಲಿದ್ದ ಒಬ್ಬ ಮುದುಕ ಬಿಳಿ ದೊರೆ ಮನೆ ಮಾರಿ ಹಡಗು ಹತ್ತುವಾಗ ಈ ಕೋವಿಯನ್ನು ಅಗ್ಗಕ್ಕೆ ಕೊಟ್ಟ. ಲೈಸೆನ್ಸು ಕಣ್ಣಿದ್ದವರ ಹೆಸರಿಗೇ ಆಗಲಿ ಎಂದು ಮಾವ ಸೊಸೆಯನ್ನೇ ಕಚೇರಿಗೆ ಕರೆದೊಯ್ದ. ಆಗ ಅವಳಿಗೆ ಇಪ್ಪತ್ತನಾಲ್ಕು.

"ಮೊದಲ್ನೇ ಏಟಿಗೆ ಕುಂಡಿ ಮೇಲೆ ಕುಂತೆ ಕಣಪ್ಪ," ಎಂದು ನಕ್ಕಳು. "ಮಾವ ಚಪ್ಪರದ ಕಂಬ ಇಡ್ಕೊಂಡು ನಗ್ತಾ ನಿಂತ್ಬುಟ್ಟ. ಎಂಟು ದಿನದಲ್ಲಿ ಕಲ್ತೆ. ಕೊಲ್ಲಕಲ್ಲ. ಬಳ್ಳಿ ಮೇಗಡೆ ಬರೇ ಆಕಾಸಕ್ಕೆ ಒಂದು ಒಡೆದ್ರೆ ಇಡೀ ದಂಡು ಎದ್ದೋಯ್ತಿತ್ತು. ಸೊಸೆ ಕೆಲ್ಸ ಯಾರಾದ್ರೂ ಮಾಡ್ತಾರೆ. ಇದು ಈ ಮನೇಲಿ ನನ್ನೊಬ್ಳಿಗೇ ಬರ್ತಿತ್ತು."

ಈಗ ತೋಟದ ಜಾಗದಲ್ಲಿ ಮೂರಂತಸ್ತಿನ ಪಿಜಿ ನಿಂತಿತ್ತು. ಅದನ್ನು ನಡೆಸುವವಳು ಮಗಳು ದಿವ್ಯಾ. ಕೋವಿ ಮಾತ್ರ ವರ್ಷಕ್ಕೊಮ್ಮೆ ಎಣ್ಣೆ ಕುಡಿದು ಬೀರು ಸೇರುತ್ತಿತ್ತು.

ಚುನಾವಣೆ ಬಂತು. ಲೈಸೆನ್ಸು ಇದ್ದವರೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು. ಚಿಕ್ಕಮುನಿಯಮ್ಮ ಪ್ರತಿ ಸಲದಂತೆ ಆಟೋದಲ್ಲಿ ಹೋಗಿ ಒಪ್ಪಿಸಿದಳು. ಠಾಣೆಯ ರೈಟರ್ ಹೊಸಬ, ಕಣ್ಣು ಚುರುಕು. ಪುಸ್ತಕ ನೋಡಿದ, ಕೋವಿ ನೋಡಿದ, ಮತ್ತೆ ಪುಸ್ತಕ ನೋಡಿದ.

"ಅಜ್ಜಿ, ಲೈಸೆನ್ಸಲ್ಲಿ ಹನ್ನೆರಡು ಅಂತಿದೆ. ನಳಿಗೆ ಮೇಲೆ ಹದಿನಾರು ಅಂತಿದೆ."

ಕೆಲವು ವರ್ಷಗಳ ಹಿಂದೆ ಕೈಬರಹದ ಲೈಸೆನ್ಸುಗಳನ್ನೆಲ್ಲ ವಾಪಸು ಪಡೆದು ಕಂಪ್ಯೂಟರಿಗೆ ಏರಿಸಿದಾಗ, ಹದಿನಾರು ಬೋರಿನ ಹೆಸರೇ ಕೇಳಿರದ ಯಾರೋ ಒಬ್ಬರು ಹನ್ನೆರಡೆಂದು ಒತ್ತಿದ್ದರು. ಅದು ಇಂಗ್ಲಿಷಿನಲ್ಲಿತ್ತು. ಚಿಕ್ಕಮುನಿಯಮ್ಮನಿಗೆ ಓದಲು ಬಾರದು, ಮಗಳು ಬಿಡಿಸಿ ನೋಡಿರಲಿಲ್ಲ. ಈಗ ಕೋವಿಯ ನಂಬರು ಸರಿಯಿದೆ, ಬೋರು ಬೇರೆ. ಹಾಗಾದರೆ ನಳಿಗೆಯನ್ನು ಕೊರೆಸಿದ್ದಾರೆ ಎಂದಾಯಿತು. ಒಂದು ವಾರದಲ್ಲಿ ಸಮಜಾಯಿಷಿ ಕೊಡಬೇಕು, ಇಲ್ಲದಿದ್ದರೆ ಕೋವಿ ಜಪ್ತಿ, ಮೇಲೆ ಕೇಸು.

"ಕೊಟ್ಬಿಡಮ್ಮ ಅತ್ಲಾಗೆ," ಎಂದಳು ದಿವ್ಯಾ. "ಹಣ್ಣಿಲ್ಲ, ತೋಟ ಇಲ್ಲ. ಆ ಕಬ್ಬಿಣಕ್ಕೋಸ್ಕರ ಈ ವಯಸ್ಸಲ್ಲಿ ಸ್ಟೇಷನ್ ಮೆಟ್ಲು ಹತ್ತೋದಾ?"

"ನಿನ್ ಕಬ್ಬಿಣ ನೀನು ಕೊಡು. ಇದು ನಂದು," ಎಂದಳು ತಾಯಿ. ಆ ವಾರವೆಲ್ಲ ಆಕೆಗೆ ಊಟ ರುಚಿಸಲಿಲ್ಲ.

ಕರೆದ ದಿನ ಈಶಪ್ಪನೂ ವಾರದ ರಜೆ ನೋಡಿಕೊಂಡು ಜೊತೆಗೆ ಹೋದ. ಅಳತೆಯ ವರ್ನಿಯರ್ ಜೇಬಿನಲ್ಲಿತ್ತು. ಠಾಣೆಯಲ್ಲಿ ನೋಡಿದರೆ ಬೆಂಚಿನ ಮೇಲೆ ನಂಜಪ್ಪ! ಊರಿನವರ ಹೇಳಿಕೆಗೆಂದು ಅವನನ್ನು ಕರೆಸಿದ್ದರು.

"ದೊಡ್ಡ ಕೋವಿ ಸಾ, ಊರಿಗೇ ಗೊತ್ತು," ಎಂದು ಅವನಾಗಲೇ ಹೇಳಿಯೂ ಆಗಿತ್ತು.

ಇನ್‌ಸ್ಪೆಕ್ಟರು ಕನ್ನಡಕ ಸರಿಮಾಡಿಕೊಂಡರು. "ಹನ್ನೆರಡನ್ನ ಕೊರೆಸಿ ಹದಿನಾರು ಮಾಡಿದ್ದೀರಿ. ಯಾರ ಕೈಲಿ ಅಜ್ಜಿ?" ಆಮೇಲೆ ಅವರ ಕಣ್ಣು ಈಶಪ್ಪನ ಎಣ್ಣೆಗಪ್ಪಿನ ಉಗುರುಗಳ ಮೇಲೆ ನಿಂತಿತು. "ನಿಮ್ಮ ಬಾಡಿಗೆಯವನು ಲೇತ್ ಕೆಲಸದವನಂತೆ. ಇವನೇನಾ?"

ಈಶಪ್ಪ ಬೆರಳು ಮಡಚಿಕೊಂಡ. ಮುದುಕಿಯ ಮುಖ ನೋಡಿದ. ಆಕೆ ನೋಡುತ್ತಿದ್ದದ್ದು ನಂಜಪ್ಪನನ್ನು. ಪೂಜೆಯ ದಿನ ಅವನು ಗೇಟಿನಾಚೆ ಇದ್ದಾಗಲೇ ಆಕೆ ಈಶಪ್ಪನ ಬಾಯಿ ಮುಚ್ಚಿಸಿದ್ದಳು. ಆಗ ಈಶಪ್ಪನಿಗೆ ಹೊಳೆಯಿತು: ಹದಿನಾರರ ಗುಟ್ಟು ಇವಳಿಗೆ ಗೊತ್ತಿದೆ, ಮೊದಲಿನಿಂದಲೂ ಗೊತ್ತಿದೆ. ಹೇಳಿದರೆ ಕೋವಿ ಉಳಿಯುತ್ತದೆ, ಆದರೆ ಇಷ್ಟು ವರ್ಷ ಅವಳ ಬೇಲಿಯನ್ನು ಕಾದ ಮಾತು ಇಲ್ಲೇ ಸಾಯುತ್ತದೆ.

ಚಿಕ್ಕಮುನಿಯಮ್ಮ ಸೆರಗು ಬಿಗಿದಳು. "ಸಾಮಿ, ನಿಮ್ಮನೇಲಿ ಮುದ್ದೆ ಮಾಡ್ತಾರಾ?"

"ಏನಜ್ಜಿ ಇದು?"

"ಒಂದು ಮಡಕೆ ರಾಗಿ ಇಟ್ಟು. ಅದ್ರಲ್ಲಿ ಅನ್ನೆರಡು ಮುದ್ದೆ ಕಟ್ಟಿದ್ರೆ ದಪ್ಪನಾಗ್ತದೋ, ಅದಿನಾರು ಕಟ್ಟಿದ್ರೆ ದಪ್ಪನಾಗ್ತದೋ?"

ರೈಟರ್ ನಕ್ಕುಬಿಟ್ಟ. "ಹನ್ನೆರಡು ಕಟ್ಟಿದ್ರೆ."

"ಇದೂ ಅಂಗೇಯ. ದೊರೆ ಏಳ್ಕೊಟ್ಟಿದ್ದ. ಒಂದು ಪೌಂಡು ಸೀಸದಲ್ಲಿ ಅನ್ನೆರಡು ಗುಂಡು ಕಟ್ಟಿದ್ರೆ, ಆ ಗುಂಡು ಇಡಿಸೋ ನಳಿಗೆ ಅನ್ನೆರಡು ಬೋರು. ಅದಿನಾರು ಕಟ್ಟಿದ್ರೆ ಗುಂಡೂ ಸಣ್ಣದು, ನಳಿಗೇನೂ ಸಣ್ಣದು. ನಂದು ಚಿಕ್ಕ ಕೋವಿ ಸಾಮಿ. ಊರಲ್ಲಿರೋ ಎಲ್ಲದಕ್ಕಿಂತ ಚಿಕ್ಕದು."

ಈಶಪ್ಪ ತಲೆ ಚಚ್ಚಿಕೊಂಡ. ವರ್ಕ್‌ಶಾಪಿನ ತಗಡಿನ ಗೇಜೂ ಹೀಗೇ ಅಲ್ಲವೇ, ನಂಬರು ಏರಿದಷ್ಟೂ ತಗಡು ತೆಳ್ಳಗೆ! ವರ್ನಿಯರ್ ತೆಗೆದು ಅಪ್ಪಣೆ ಕೇಳಿದ. ಮುದುಕಿಯ ಕೋವಿಯ ಬಾಯಿ ಹದಿನಾರು ಪಾಯಿಂಟ್ ಎಂಟು ಮಿಲಿಮೀಟರ್. ಪಕ್ಕದಲ್ಲಿ ಯಾರೋ ಒಪ್ಪಿಸಿದ್ದ ಹನ್ನೆರಡು ಬೋರಿನದು ಹದಿನೆಂಟೂವರೆ.

"ಸಾಹೇಬ್ರ, ತೂತು ದೊಡ್ಡದು ಮಾಡಾಕ ಬರ್ತೈತ್ರಿ. ಕೊರದು ಸಣ್ಣದು ಮಾಡೋ ಲೇತ್ ಇನ್ನೂ ಹುಟ್ಟಿಲ್ಲ."

ಇನ್‌ಸ್ಪೆಕ್ಟರು ಹನ್ನೆರಡು ಬೋರಿನ ಒಂದು ಖಾಲಿ ಕಾಡತೂಸು ತರಿಸಿ ತಾವೇ ಹಾಕಿ ನೋಡಿದರು. ನಳಿಗೆಯ ಬುಡದಲ್ಲೇ ಕೂತಿತು, ಒಳಗೆ ಇಳಿಯಲೊಲ್ಲದು. ತಿದ್ದುಪಡಿಗೆ ಬರೆಯುತ್ತೇನೆ ಎಂದು ಪೆನ್ನು ತೆಗೆದರು.

ನಂಜಪ್ಪ ಬೆಂಚಿನಿಂದ ಎದ್ದೇಬಿಟ್ಟ. "ಚಿಕ್ಕಮುನಿಯಕ್ಕ! ನಲವತ್ತು ವರ್ಸ ನಮ್ಮನ್ನ ಎದರ್ಸಿದ್ದು ಈ ಇಲಿ ಕೋವೀಲಾ?"

"ನಾನೆಲ್ಲಪ್ಪ ಎದರ್ಸ್ದೆ? ಲೆಕ್ಕ ಹಾಕ್ದೋನು ನೀನು."

ಠಾಣೆಯೆಲ್ಲ ನಕ್ಕಿತು. ಆದರೆ ಇನ್‌ಸ್ಪೆಕ್ಟರ ಪೆನ್ನು ಇನ್ನೊಂದು ಸಾಲಿನ ಮೇಲೆ ನಿಂತಿತು. "ಉದ್ದೇಶ, ದ್ರಾಕ್ಷಿ ಬೆಳೆ ರಕ್ಷಣೆ ಅಂತಿದೆ. ತೋಟ ಎಲ್ಲಿ ಅಜ್ಜಿ?"

"ತೋಟ ಓಗಿ ಪಿಜಿ ಆಯ್ತು ಸಾಮಿ," ಎಂದಳು ಚಿಕ್ಕಮುನಿಯಮ್ಮ. ಅವರು ದನಿ ಮೆತ್ತಗೆ ಮಾಡಿದರು. "ಬೋರು ನಾನು ತಿದ್ದಿಸ್ತೀನಿ. ಬೆಳೆ ತರಿಸೋಕಾಗಲ್ಲ. ಸದ್ಯದಲ್ಲೇ ರಿನ್ಯೂವಲ್ಲು. ಬೆಳೆ ಇರೋ ಕಡೆ ನೀವು ವಾಸ ಇದ್ರೆ ಲೈಸೆನ್ಸ್ ಅಲ್ಲಿಗೆ ಹೋಗುತ್ತೆ. ಪಿಜಿ ಕಾಯೋಕೆ ಅಂತ ನಾನು ಬರೆಯೋ ಹಾಗಿಲ್ಲ."

ಆಕೆಯ ತಂಗಿ ಪಿಳ್ಳಮ್ಮನನ್ನು ಕೊಟ್ಟದ್ದು ದೇವನಹಳ್ಳಿಯ ಆಚೆ. ಅಲ್ಲಿ ಇನ್ನೂ ಎರಡೆಕರೆ ನೀಲಿ ದ್ರಾಕ್ಷಿಯಿತ್ತು. ಪಿಳ್ಳಮ್ಮ ಹಳೆಯ ಸೀರೆ ಕಟ್ಟಿ, ತಗಡು ಬಡಿದು ಹಕ್ಕಿ ಓಡಿಸುತ್ತಿದ್ದಳು.

ಠಾಣೆಯ ಕಥೆ ಅಂದೇ ಹಾಲಿನ ಬೂತು ಮುಟ್ಟಿತು. ಮಾರನೆಯ ವಾರವೇ ಒಬ್ಬ ಬ್ರೋಕರು ಮೊದಲ ಸಲ ಗೇಟು ತಟ್ಟಿ, ಮೂಲೆ ಜಾಗ ಕೊಡ್ತೀರಾ ಅಜ್ಜಿ ಎಂದು ಕೇಳಿದ. "ಮಗಳನ್ನ ಕೇಳು. ಅವಳು ನನಗಿಂತ ಜೋರು," ಎಂದು ಆಕೆ ಒಳಗೆ ಹೋಗಿ ಟ್ರಂಕಿಗೆ ಬಟ್ಟೆ ತುಂಬಿದಳು.

"ಒಂದು ಕೋವಿಗೋಸ್ಕರ ಮನೆ ಬಿಡ್ತೀಯಾ?" ದಿವ್ಯಾಳ ಕಣ್ಣು ತುಂಬಿತ್ತು.

"ಕೋವಿಗಲ್ಲ ಕಣೇ. ಪಿಳ್ಳಮ್ಮನ ತೋಟದಲ್ಲಿ ನಂಗೆ ಕೆಲ್ಸ ಐತೆ. ಇಲ್ಲಿ ಎಲ್ಲ ನೀನೇ ಮಾಡ್ತೀಯ, ನಾನು ಬರೇ ಕುಂತಿರ್ತೀನಿ."

ಚುನಾವಣೆ ಮುಗಿದು, ಹದಿನಾರೆಂದು ತಿದ್ದಿದ ಕಾಗದದೊಂದಿಗೆ ಕೋವಿ ಕೈಗೆ ಬಂದ ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಟೆಂಪೊ ನಿಂತಿತು. ಈಶಪ್ಪ ಟ್ರಂಕು ಹೊತ್ತು ತಂದ. ಅವನಿಗೆ ಕೇಳಲು ಇನ್ನೂ ಒಂದು ಉಳಿದಿತ್ತು.

"ಯವ್ವಾ, ಹದಿನಾರರ ಕಾಡತೂಸು ಅಂಗಡ್ಯಾಗ ಸಿಗೋದಿಲ್ಲಂತಲ್ಲ. ಮುಂದ ಹೆಂಗ?"

"ಇನ್ನೂ ಇಪ್ಪತ್ತೆರಡು ಉಳ್ದೈತೆ. ಎಷ್ಟೈತೆ ಅಂತ ಮೈನಾ ಗಿಳಿಗೇನ್ ಗೊತ್ತು?"

ಕೋವಿಯ ಚೀಲವನ್ನು ಹೆಗಲಿಗೆ ಏರಿಸಿ, ಮಗಳ ಕೆನ್ನೆ ಸವರಿ, ಚಿಕ್ಕಮುನಿಯಮ್ಮ ಹೊಸ್ತಿಲು ದಾಟಿದಳು. ಡ್ರೈವರ್ ಪಕ್ಕದ ಸೀಟಿಗೆ ಒಬ್ಬಳೇ ಹತ್ತಿ ಕೂತು, "ನಡಿಯಪ್ಪ, ಅಣ್ಣು ಬಣ್ಣಕ್ಕೆ ತಿರುಗೋ ಒತ್ತು," ಎಂದಳು.