ಹೊತ್ತು ಮುಳುಗುವುದರೊಳಗೆ

ಮಾತ್ರೆಗಳನ್ನು ಎರಡು ಸಲ ಎಣಿಸಿದೆ. ಒಂಬತ್ತು ಹೆಚ್ಚಿಗೆ ಉಳಿದಿದ್ದವು. ಅಜ್ಜಿಯ ಸೊಸೆ ತುಂಬಿದ ಹಾಳೆಯಲ್ಲಿ ಮಾತ್ರ ಪ್ರತಿ ಹೊತ್ತಿನ ಎದುರೂ ಗುರುತಿತ್ತು.

ವಾಸಿಯಾಗದ ಕಾಯಿಲೆಯವರ ನೋವನ್ನು ಕಡಿಮೆ ಮಾಡುವುದು ನಮ್ಮ ಕೆಲಸ. ಡಾಕ್ಟರ್ ಕೊಲ್ಹಾಪುರದಲ್ಲಿರುತ್ತಾರೆ. ನರ್ಸ್ ಆದ ನಾನು ಇಚಲಕರಂಜಿಯಲ್ಲಿ ಒಂದು ಕೋಣೆ ಹಿಡಿದು ಸುತ್ತಲಿನ ಊರುಗಳ ಮನೆಗಳಿಗೆ ಹೋಗಿ ಬರುತ್ತೇನೆ. ಆ ಚಳಿಗಾಲ ಈ ಕೆಲಸದಲ್ಲಿ ನನಗೆ ನಾಲ್ಕನೆಯ ವರ್ಷ. ಬಸ್ಸಿನಲ್ಲಿ ಕೂತರೆ ಇಳಿಯಬೇಕಾದ ಊರು ದಾಟಿ ಹೋಗುತ್ತಿತ್ತು. ನಿದ್ದೆ ಬಂದು ಅಲ್ಲ, ಎಚ್ಚರವಿದ್ದೇ.

ದತ್ತವಾಡದ ಈ ಅಜ್ಜಿಯದು ಜೈನರ ಮನೆ. ಕಬ್ಬಿನ ಹೊಲ, ಹಿತ್ತಲಲ್ಲಿ ಎರಡು ಎಮ್ಮೆ. ಹೊಟ್ಟೆಯ ಕ್ಯಾನ್ಸರ್ ಬೆನ್ನೆಲುಬಿಗೆ ಹಬ್ಬಿತ್ತು. ನಾಲ್ಕು ತಾಸಿಗೊಮ್ಮೆ ಮಾರ್ಫಿನ್ ಮಾತ್ರೆ, ಮಲಗುವಾಗ ಎರಡು. ಆದರೂ ಬೆಳಗಿನ ಜಾವ ನರಳುತ್ತಾರೆ ಎಂದು ಸೊಸೆ ಹೇಳುತ್ತಿದ್ದರು. ಆ ಹಾಳೆಯನ್ನೇ ನಂಬಿ ನಾನು ಡಾಕ್ಟರಿಗೆ ಹೇಳಿ ಒಮ್ಮೆ ಪ್ರಮಾಣ ಹೆಚ್ಚಿಸಿಯೂ ಆಗಿತ್ತು.

“ವೈನೀ, ಖರೇನ ಎಲ್ಲಾ ಕೊಟ್ಟೀರೇನು?”

“ಕೊಟ್ಟೇನ್ರೀ.”

“ಹಂಗಾದ್ರ ಒಂಬತ್ತ ಯಾಕ ಉಳದಾವು?”

ಅವರು ಎಮ್ಮೆಗಳ ಕಡೆ ನೋಡಿದರು. ನನ್ನ ದನಿ ಏರಿತು. “ನೀವು ಸುಳ್ಳ ಬರದ್ರ ನಾವು ಡೋಸ ಹೆಚ್ಚ ಮಾಡ್ಕೋತ ಹೋಗ್ತೀವಿ. ತ್ರಾಸ ಯಾರಿಗೆ?”

ಹೊರಸಿನ ಮೇಲಿಂದ ಅಜ್ಜಿ ಮಾತಾಡಿದರು. “ಆಕೀಗಿ ಬೈಬ್ಯಾಡವಾ. ನಾನಽ ಬ್ಯಾಡ ಅಂದೇನಿ. ಹೊತ್ತ ಮುಳಗಿದ ಮ್ಯಾಲ ನಾ ಬಾಯಾಗ ನೀರ ಸೈತ ಹಾಕ್ಕೊಳ್ಳೂದಿಲ್ಲ. ಮದಿವಿಗಿಂತ ಮೊದಲ ಮುನಿ ಮಹಾರಾಜರ ಮುಂದ ನೇಮ ತಗೊಂಡೇನಿ.”

“ಔಷಧಕ್ಕ ನಡೀತೈತಿ ಅಂತ ಭಾಳ ಹೇಳೇನ್ರಿ,” ಎಂದರು ಸೊಸೆ. “ಕೇಳಬೇಕಲ್ಲ. ‘ಪಾಪ ಆ ಹುಡುಗಿ ಅಷ್ಟ ದೂರಿಂದ ಬರ್ತಾಳ, ಆಕೀಗ್ಯಾಕ ಬ್ಯಾಸರ, ಟಿಕ್ ಹೊಡಿ’ ಅಂದ್ರು. ಹೊಡದೇನಿ.”

ನಮ್ಮ ಫಾರ್ಮಿನಲ್ಲಿ ಧರ್ಮಕ್ಕೊಂದು ಅಂಕಣವಿದೆ, ಪಥ್ಯಕ್ಕೊಂದು. ಎಷ್ಟು ಹೊತ್ತಿಗೆ ಉಣ್ಣುತ್ತೀರಿ ಎಂದು ಕೇಳುವ ಅಂಕಣವಿಲ್ಲ. ನನ್ನ ಊರು ಗಡಹಿಂಗ್ಲಜದಲ್ಲಿ ನಮ್ಮ ಪಕ್ಕದ ಮನೆಯವರೂ ಜೈನರೇ. ದೀಪ ಹಚ್ಚುವ ಮೊದಲೇ ಅವರ ಅಡುಗೆಮನೆ ತೊಳೆದಾಗಿರುವುದನ್ನು ನೋಡುತ್ತಲೇ ಬೆಳೆದವಳು ನಾನು. ಆದರೂ ಕೇಳಿರಲಿಲ್ಲ.

“ಅಜ್ಜಿ, ಮಹಾರಾಜರನ್ನ ಕೇಳಸೋಣೇನು?”

“ಕೇಳಿದ್ರ ತಗೋ ಅಂತಾರ. ಅದಕ್ಕಽ ಕೇಳೂದಿಲ್ಲ.”

ಅಂಗಳಕ್ಕೆ ಬಂದು ಡಾಕ್ಟರಿಗೆ ಫೋನ್ ಮಾಡಿದೆ, ಮೊದಲೇ ಕೇಳದ ನನ್ನ ತಪ್ಪನ್ನೂ ಹೇಳಿದೆ. ಚರ್ಮಕ್ಕೆ ಅಂಟಿಸುವ ನೋವಿನ ಔಷಧದ ಪಟ್ಟಿಯಿದೆ, ಒಂದು ಅಂಟಿಸಿದರೆ ಮೂರು ದಿನ, ಅಜ್ಜಿ ನಿಜವಾಗಿ ನುಂಗಿದ ಮಾತ್ರೆಗಳನ್ನಷ್ಟೇ ಲೆಕ್ಕ ಹಿಡಿದು ಸಣ್ಣದರಿಂದ ಶುರು ಮಾಡೋಣ ಎಂದರು.

ಎರಡು ದಿನ ಬಿಟ್ಟು ಪಟ್ಟಿಯೊಂದಿಗೆ ಹೋದೆ.

“ಇದು ಬಾಯಿಗಿ ಹೋಗೂದಿಲ್ಲಲಾ?”

“ಇಲ್ರಿ. ಚರ್ಮದಾಗಿಂದ ಒಳಗ ಇಳೀತೈತಿ.”

ಸುಲಿದ ಪಟ್ಟಿಯನ್ನು ಬೆರಳ ತುದಿಯಲ್ಲಿ ಹಿಡಿದು ನಾನು ಕಾದೆ. ಬೇಡ ಎಂದಿದ್ದರೆ ನನ್ನ ಬಳಿ ಬೇರೇನೂ ಇರಲಿಲ್ಲ.

“ಹಚ್ಚು. ಪೋಸ್ಟಿನ ತಿಕೀಟ ಹಚ್ಚಿ ಕಳಸಾಕತ್ತೀರಿ. ಪತ್ತಾ ಸರೀ ಬರೀರಿ ಮತ್ತ.”

ಸೊಸೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು. ನಗು ಮುಗಿದ ಮೇಲೂ ಸೆರಗನ್ನು ತೆಗೆಯಲಿಲ್ಲ.

ಪಟ್ಟಿ ಬದಲಿಸಲು ಹೋದಾಗ ಸೊಸೆಯೇ ಬಾಗಿಲಿಗೆ ಬಂದರು. “ನಿನ್ನಿ ರಾತ್ರಿ ಮಲಗ್ಯಾರ್ರಿ. ನಾನೂ ಮಲಗೇನಿ. ಎಮ್ಮಿ ಒದರಿದ್ದ ಕೇಳಿ ಎದ್ದೇನಿ ನೋಡ್ರಿ, ಹಾಲಿನ ಹೊತ್ತ ಮೀರಿತ್ತು.” ತಡವಾಗಿ ಎದ್ದುದನ್ನು ಯಾರಾದರೂ ಅಷ್ಟು ಹಿತವಾಗಿ ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಆ ಭಾನುವಾರ ಊರಿಗೆ ಹೋದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು.

“ಅವ್ವಾ, ನೀ ಎಷ್ಟಕ್ಕ ಉಣ್ತಿ?”

“ಯಾಕ, ನಿನ್ನ ಫಾರ್ಮಿನ್ಯಾಗ ಬರಕೋತಿಯೇನು?”

“ಹಂಗಽ ಕೇಳಿದೆ.”

“ಎಲ್ಲಾರದೂ ಆದ ಮ್ಯಾಲ. ಒಮ್ಮೊಮ್ಮೆ ಹತ್ತ ಆಗ್ತೈತಿ.”

“ಹಸಿವಿ ಆಗೂದಿಲ್ಲೇನು?”

“ಹಸಿವಿ ಆಗೂದು ಏಳಕ್ಕ. ಯಾರ ಕೇಳ್ಯಾರ?”

ಅಂದು ಏಳಕ್ಕೆ ನಾವಿಬ್ಬರೇ ತಾಟು ಹಾಕಿಕೊಂಡು ಕೂತೆವು. ಅಪ್ಪ ಇಣುಕಿ, “ಇವತ್ತ ಏನ ಹಬ್ಬ ಐತಿ?” ಎಂದು ಕೇಳಿ ತಾವೂ ಒಂದು ತಾಟು ತಂದರು. ಮೊದಲ ತುತ್ತಿಗೆ ಅವ್ವ ಬರೀ ಶೇಂಗಾ ಚಟ್ನಿ ಹಚ್ಚಿಕೊಳ್ಳುತ್ತಾಳೆ ಎಂಬುದು ನನಗೆ ಗೊತ್ತಿರಲಿಲ್ಲ. ನಾನು ದಣಿದಿದ್ದೆ. ಅವಳು ಮೂರು ರೊಟ್ಟಿ ಉಂಡಳು. ಬೇರೆಯವರ ಮನೆಗಳಲ್ಲಿ ಯಾರು ಎಷ್ಟು ಚಮಚ ಗಂಜಿ ಕುಡಿದರು ಎಂದು ದಿನವೂ ಬರೆದುಕೊಳ್ಳುವ ನಾನು ಇದನ್ನು ಎಲ್ಲಿಯೂ ಬರೆಯಲಿಲ್ಲ. ನೋಡುತ್ತಾ ಕೂತಿದ್ದೆ, ಅಷ್ಟೇ.

ನಾಲ್ಕನೆಯ ಪಟ್ಟಿ ಅಂಟಿಸಿದ ಮರುದಿನ ಬೆಳಿಗ್ಗೆ ಇಚಲಕರಂಜಿಯ ಬಸ್ ನಿಲ್ದಾಣದಲ್ಲಿದ್ದಾಗ ದತ್ತವಾಡದ ಸೊಸೆಯ ಫೋನ್ ಬಂತು.

“ಅತ್ತಿ ಹೋದ್ರರೀ.”

“ನರಳಿದ್ರೇನು?”

“ಇಲ್ರಿ. ನಿನ್ನಿ ಸಂಜೀಕ ಇನ್ನಾ ಹೊತ್ತ ಇತ್ತು, ಎರಡ ಚಮಚೆ ನೀರ ತಗೊಂಡ್ರು. ಸಾಕು ಅಂತ ಕೈ ಮಾಡಿದ್ರು. ಮುಂಜಾನಿ ಎಬ್ಬಸಾಕ ಹೋದ್ರ ಇಲ್ಲ. ಈಗ ಜಳಕಾ ಮಾಡಸೂದೈತಿ. ಎದಿ ಮ್ಯಾಗಿನ ಪಟ್ಟಿ ತಗೀಬೇಕೇನ್ರಿ?”

ಒಂದು ಅಂಚಿನಿಂದ ನಿಧಾನವಾಗಿ ಸುಲಿಯಬೇಕು, ಅಂಟು ಒಳಗೆ ಬರುವಂತೆ ಮಡಿಸಿ ಮಕ್ಕಳ ಕೈಗೆ ಸಿಗದಂತೆ ಇಡಬೇಕು, ನಾನು ಬಂದು ಒಯ್ಯುತ್ತೇನೆ ಎಂದೆ. ಹೌದ್ರಿ, ಹೌದ್ರಿ ಎನ್ನುತ್ತಾ ಕೇಳಿಸಿಕೊಂಡರು. ಫೋನನ್ನು ಬಂದ್ ಮಾಡದೆ ಎಲ್ಲಿಯೋ ಇಟ್ಟಿರಬೇಕು. ಬಸ್ಸುಗಳ ಸದ್ದಿನಲ್ಲಿ ಇನ್ನೊಂದು ಕಿವಿಯನ್ನು ಮುಚ್ಚಿಕೊಂಡೆ. ಅವರು ಹೇಳುತ್ತಿದ್ದರು, “ಅತ್ತೀ, ಒಂದೀಟ ಹಂಗಽ ಇರ್ರಿ. ನೋಯಿಸೂದಿಲ್ಲ.”