ಕೈಯಲ್ಲಿ ಹಿಡಿದ ಲೆನ್ಸು

ಆಟಿ ತಿಂಗಳ ಮಳೆ ಹಿಂದೆ ಸರಿದು ಸೋಣ ತಿಂಗಳು ಬಂದಿದೆ. ನಿಂತಿದ್ದ ಮದುವೆ ಮಾತುಕತೆಗಳು ಮತ್ತೆ ಶುರುವಾಗುವ ಕಾಲ. ಮೂಡುಬಿದಿರೆ ಪೇಟೆಯ ಅಂಚಿನಲ್ಲಿ ಫೋಟೋಗ್ರಾಫರ್ ಚಿನ್ನಯ್ಯ ಬೆಳಕು ಹರಿಯುವ ಹೊತ್ತಿಗೇ ಜಗಲಿ ಗುಡಿಸಿ, ಮರದ ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ್ದಾರೆ. ಅದರ ಮೂತಿಯಲ್ಲಿ ಲೆನ್ಸು ಇಲ್ಲ. ಲೆನ್ಸು ಅವರ ಎಡಗೈಯಲ್ಲಿದೆ. ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಬೆಳಕು ನುಗ್ಗದಂತೆ ಕರಿಬಟ್ಟೆಯ ತೋಳು ಕಟ್ಟಿದ್ದಾರೆ.

ಕೆಲವು ವರ್ಷಗಳ ಹಿಂದೆ ಬಂಟ್ವಾಳದಿಂದ ವಾಮದಪದವಿನ ಮದುವೆಗೆ ಹೊರಟಾಗ ಕ್ಯಾಮೆರಾ ಬಸ್ಸಿನ ಮೇಲಿಂದ ಬಿದ್ದಿತ್ತು. ಲೆನ್ಸು ಉಳಿಯಿತು, ಅದನ್ನು ಹಿಡಿದಿದ್ದ ಹಲಗೆ ಸೀಳಿತು. ಮುಹೂರ್ತ ಕಾಯುವುದಿಲ್ಲ. ಲೆನ್ಸನ್ನು ಕೈಯಲ್ಲೇ ಹಿಡಿದು ಪಟ ತೆಗೆದರು.

"ಸ್ವಲ್ಪ ವಾಲಿಸಿದರೆ ಒಂದು ಕಡೆ ಚೊಕ್ಕ ಕಾಣ್ತದೆ, ಉಳಿದದ್ದು ಮಂಜಿನ ಹಾಗೆ ಕರಗ್ತದೆ. ಅದು ಹಾಳಾದದ್ದಲ್ಲ ಮಾರಾಯ್ರೆ, ಅದೂ ಒಂದು ನೋಟ" ಎನ್ನುತ್ತಿದ್ದರು ಚಿನ್ನಯ್ಯ.

ಮರಗೆಲಸದ ಆಚಾರಿ ಹೊಸ ಹಲಗೆ ಮಾಡಿಕೊಟ್ಟರೂ ಅವರು ಜೋಡಿಸಲಿಲ್ಲ. ಮಂಗಳೂರಿನ ಸ್ಟುಡಿಯೋದವರು ಕೈ ನಡುಗುವ ಚಿನ್ನಯ್ಯ ಎಂದು ನಕ್ಕರು. ಇವರು ಬಸದಿಯ ಕಂಬದಲ್ಲಿ ಕೆತ್ತಿದ ಒಂದೇ ಹೂವು ನಿಚ್ಚಳವಾಗಿ ಕಾಣುವ ಪಟ ತೆಗೆದು, ಹೊರಗಿನ ಗಾಜಿನ ಕಪಾಟಿನಲ್ಲಿ ತೂಗುಹಾಕಿದರು.

ಆ ಪಟ ಸಂಬಂಧ ಕುದುರಿಸುವ ಸುಬ್ಬಪ್ಪನ ಕಣ್ಣಿಗೆ ಬಿತ್ತು. ಸಿಡುಬಿನ ಕಲೆಯಿದ್ದ ಹುಡುಗಿಯರನ್ನು ಅವನು ಕರೆತರತೊಡಗಿದ. ಕಣ್ಣು ಚೊಕ್ಕ, ಕೆನ್ನೆ ಮಂಜು. ಬೊಂಬಾಯಿಯ ಹೋಟೆಲಿನಲ್ಲಿರುವ ಹುಡುಗರಿಗೆ ಪಟ ಅಂಚೆಯಲ್ಲಿ ಹೋಗುತ್ತದೆ, ಒಪ್ಪಿಗೆ ಬರುತ್ತದೆ. ಉಜಿರೆ ಕಡೆಯ ಕಾಂತಿಗೂ ಹೋದ ವರ್ಷ ಹಾಗೇ ಬಂದಿತ್ತು. ಹುಡುಗ ಊರಿಗೆ ಬಂದು, ಪಟವನ್ನೂ ಮುಖವನ್ನೂ ಒಂದೆರಡು ಸಲ ನೋಡಿ, ಕೊಟ್ಟ ಬೆಲ್ಲ ನೀರು ಮುಟ್ಟದೆ ಎದ್ದುಹೋದ.

ಇಂದು ಮೊದಲ ಬಸ್ಸಿಗೇ ಕಾಂತಿ ಬಂದು ನಿಂತಿದ್ದಾಳೆ. ಹಿಂದೆಯೇ ಸುಬ್ಬಪ್ಪ. ಬೊಂಬಾಯಿಯ ಇನ್ನೊಂದು ಸಂಬಂಧ ಉಂಟಂತೆ, ಹಳೆಯ ಪಟದ್ದೇ ಇನ್ನೊಂದು ಪ್ರತಿ ಸಾಕಂತೆ. ಕಾಂತಿ ಹೊಸದು ಬೇಕೆನ್ನುತ್ತಾಳೆ, ಕಲೆ ಕಾಣುವಂಥದ್ದು.

"ಅದನ್ನು ಕಳಿಸಿದರೆ ಬೊಂಬಾಯಿಯಿಂದ ಕಾಗದ ಬರ್ಲಿಕ್ಕಿಲ್ಲ" ಎನ್ನುತ್ತಾನೆ ಸುಬ್ಬಪ್ಪ.

"ಬರದಿದ್ದರೆ ಬೇಡ. ಬಂದವರು ಬೆಲ್ಲ ನೀರು ಬಿಟ್ಟು ಏಳಬಾರದು."

ಚಿನ್ನಯ್ಯ ಒಳಗಿನಿಂದ ಆಚಾರಿಯ ಹಲಗೆ ತರುತ್ತಾರೆ. ಲೆನ್ಸು ಜೋಡಿಸಿ ನೇರಕ್ಕೆ ತೆಗೆಯುವ ಎಂದು ಅವರ ಲೆಕ್ಕ. ಕಾಂತಿ ಬೇಡವೆಂದು ತಲೆಯಾಡಿಸುತ್ತಾಳೆ.

"ಅಡಗಿಸಿದ್ದು ಆ ಕೈ, ಚಿನ್ನಯ್ಯಣ್ಣ. ತೋರಿಸುವುದೂ ಅದೇ ಆಗಲಿ."

ಹಲಗೆ ಗೋಡೆಗೆ ಒರಗುತ್ತದೆ. ಲೆನ್ಸು ಈ ಸಲ ಇನ್ನೊಂದು ಕಡೆಗೆ ವಾಲುತ್ತದೆ. ಹಿಂದಿನ ಗೋಡೆ ಕರಗುತ್ತದೆ, ಸೆರಗಿನ ಅಂಚು ಕರಗುತ್ತದೆ, ಕೆನ್ನೆಯ ಕಲೆಗಳು ಒಂದೊಂದೂ ಎದ್ದು ನಿಲ್ಲುತ್ತವೆ. ಚಿನ್ನಯ್ಯ ಉಸಿರು ಬಿಗಿಹಿಡಿದು ಲೆನ್ಸಿನ ಮುಚ್ಚಳ ತೆಗೆದು ಮತ್ತೆ ಮುಚ್ಚುತ್ತಾರೆ. ಕೈ ನಡುಗುವುದಿಲ್ಲ.

ಇನ್ನು ಯಾವ ಹುಡುಗಿಯನ್ನೂ ಕರೆತರುವುದಿಲ್ಲವೆಂದು ಸುಬ್ಬಪ್ಪ ಕೊಡೆ ಎತ್ತಿಕೊಳ್ಳುತ್ತಾನೆ. ಚಿನ್ನಯ್ಯನವರ ಅಂಗಡಿ ಮುಖ್ಯವಾಗಿ ನಡೆಯುವುದು ಅವನಿಂದಲೇ.

"ತರಬೇಡಿ" ಎನ್ನುತ್ತಾರೆ ಇವರು. "ಕಂಬ ಕರಗಿಸ್ತೇನೆ, ಗೋಡೆ ಕರಗಿಸ್ತೇನೆ. ಇನ್ನು ಯಾರ ಕೆನ್ನೆಯನ್ನೂ ಕರಗಿಸ್ಲಿಕ್ಕಿಲ್ಲ."

ಮಧ್ಯಾಹ್ನಕ್ಕೆ ಎರಡು ಪ್ರತಿ ಒಣಗಿವೆ. ಒಂದು ಬೊಂಬಾಯಿಗೆ. ಇನ್ನೊಂದನ್ನು ಕಾಂತಿ ತಾನೇ ಹೊರಗಿನ ಕಪಾಟಿನಲ್ಲಿ, ಬಸದಿಯ ಹೂವಿನ ಪಕ್ಕ ತೂಗುಹಾಕುತ್ತಾಳೆ. ಹಣ ಬೇಡವೆನ್ನಲು ಚಿನ್ನಯ್ಯ ಬಾಯಿ ತೆರೆಯುವಷ್ಟರಲ್ಲಿ ಅವಳು ಹಳೆಯ ಪಟವನ್ನು ಮೇಜಿನ ಮೇಲಿಡುತ್ತಾಳೆ.

"ಪುಕ್ಕಟೆ ಅಂತ ಎಣಿಸಬೇಡಿ. ಅಪ್ಪ ಅವತ್ತು ದುಡ್ಡು ಕೊಟ್ಟದ್ದು ನನ್ನ ಪಟಕ್ಕೆ. ಅದು ಇವತ್ತು ಸಿಕ್ಕಿತು."