ಕಾಕಾನ ಹಲ್ಲು, ಅತ್ತೆಯ ಬಾಳೆಹಣ್ಣು

ಗೆಳೆಯರೇ, ಇವತ್ತು ನಮ್ಮ ಕಾಕಾ ಹಲ್ಲು ಕೀಳಿಸಿಕೊಂಡರು. ಹಾರ್ಟು, ಶುಗರು ಎರಡೂ ತೊಂದರೆ ಇರುವುದರಿಂದ ಹುಬ್ಬಳ್ಳಿಯ ಆಸ್ಪತ್ರೆಯವರು ಬೆಳಿಗ್ಗೆ ಸೇರಿಸಿಕೊಂಡು, ದಿನವಿಡೀ ನಿಗಾ ಇಟ್ಟು, ಸಂಜೆ ಮನೆಗೆ ಕಳಿಸಿದರು. ಬಾಯಲ್ಲಿ ಹತ್ತಿ ಕಚ್ಚಿಕೊಂಡು ಕಾಕಾ ನನ್ನ ಜೊತೆ ಆಸ್ಪತ್ರೆಯ ಬಾಗಿಲು ದಾಟುವಾಗಲೇ ಅವರ ಅಕ್ಕ, ನನ್ನ ಸೋದರತ್ತೆ, ನವಲಗುಂದದಿಂದ ಗಾಡಿ ತುಂಬ ಮಂದಿಯೊಂದಿಗೆ ಬಂದಿಳಿದರು.

“ಪೇಶಂಟ್ ನೋಡಾಕ ಬಂದ್ರ, ನೀ ಅಡ್ಡಾಡಾಕತ್ತೀಯಲ್ಲೋ!” ಅತ್ತೆ ಕಾಕಾನನ್ನು ತರಾಟೆಗೆ ತೆಗೆದುಕೊಂಡರು.

“ಮನಿಗೇ ಬರ್ರಿ, ಅತ್ತಿ,” ಎಂದೆ.

“ಇಷ್ಟ ಮಂದಿ ದವಾಖಾನಿಗಂತ ಬಂದೇವಿ. ಐದ ನಿಮಿಷ ಮಲಗಲಿ, ನೋಡಿ ಹೋಗತೇವಿ.”

ಕಾಕಾ ಪಾಪ, ಅಲ್ಲೇ ಇದ್ದ ಬೆಂಚಿನ ಮೇಲೆ ಮಲಗಿ ಸ್ವಲ್ಪ ನರಳಿಯೂ ತೋರಿಸಿದರು. ಅದನ್ನು ಕೇಳಿ ಓಡಿ ಬಂದ ನರ್ಸ್, ಸ್ಟ್ರೆಚರ್ ತರಿಸಿ ಒಳಗೊಯ್ದರು. ಬಾಯಲ್ಲಿ ಹತ್ತಿ, ಕಾಕಾನಿಗೆ ಬೇಡವೆನ್ನಲೂ ಆಗಲಿಲ್ಲ.

“ಇಂಥಾ ಪೇಶಂಟನ್ನ ಮನಿಗೆ ಕರ್ಕೊಂಡ ಹೊಂಟಿದ್ನಲ್ರಿ ಇವ!” ಅತ್ತೆ ನನ್ನನ್ನೇ ಬೈದರು.

ಕಾಕಾ ಇವತ್ತು ರಾತ್ರಿ ಇಲ್ಲೇ. ಶುಗರ್ ಪೇಶಂಟಿಗೆಂದು ಅತ್ತೆ ತಂದ ಬಾಳೆಹಣ್ಣು ನನ್ನ ಹೊಟ್ಟೆಯಲ್ಲಿ.